ಸಂಪತ್ತಿನ ಗುಟ್ಟು ಮಾರಾಟಕ್ಕಿದೆಯೇ?

ಸಂಪತ್ತು ಅಲ್ಲಾಹನ ಅನುಗ್ರಹ. ಅದೇ ಹೊತ್ತಿಗೆ ಅದೊಂದು ಪರೀಕ್ಷೆ. ಈ ಎರಡು ಮಾತುಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟವನು ದಾರಿ ತಪ್ಪುತ್ತಾನೆ. ಜುಮುಅ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಆದೇಶಿಸಿದ ಪವಿತ್ರ ಕುರ್‌ಆನ್ (62:10), ಹೆಚ್ಚು ಹೆಚ್ಚು ಕೂಡಿಡುವ ಪೈಪೋಟಿಯು ಮನುಷ್ಯನನ್ನು ಗೋರಿ ಸೇರುವ ತನಕವೂ ಮೈಮರೆಸುತ್ತದೆಂದು ಎಚ್ಚರಿಸಿದೆ (ಅಧ್ಯಾಯ 102). ಅಂದರೆ ಗಳಿಸುವುದು ತಪ್ಪಲ್ಲ, ಗಳಿಕೆಯ ಅಮಲು ತಪ್ಪು.

ಪುನರುತ್ಥಾನ ದಿನ ಐದು ಪ್ರಶ್ನೆಗಳಿಗೆ ಉತ್ತರಿಸದೆ ಆದಮರ ಸಂತತಿಯ ಪಾದಗಳು ಕದಲಲಾರವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ತಿರ್ಮಿದಿ). ಆಯುಷ್ಯದ ಕುರಿತು ಒಂದು ಪ್ರಶ್ನೆ, ಯೌವನದ ಕುರಿತು ಒಂದು, ಜ್ಞಾನದ ಕುರಿತು ಒಂದು. ಆದರೆ ಸಂಪತ್ತಿನ ಕುರಿತು ಎರಡು: ಎಲ್ಲಿಂದ ಗಳಿಸಿದೆ? ಯಾವುದಕ್ಕೆ ವ್ಯಯಿಸಿದೆ? ಆ ದಿನ ‘ನನಗೆ ಗೊತ್ತಿರಲಿಲ್ಲ, ವೇದಿಕೆಯಲ್ಲಿ ನಿಂತವರು ಹಾಗೆ ಹೇಳಿದರು’ ಎಂಬ ಉತ್ತರ ಸಾಲುವುದೇ? ಓದುಗ ಸಹೋದರ ಸಹೋದರಿಯರೇ, ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಮನೆಮನೆಗೂ ಬಾಗಿಲು ತಟ್ಟುತ್ತಿರುವ ಒಂದು ವಿಷಯವನ್ನು ವಿಚಾರ ಮಾಡೋಣ.

ಮೂರು ಗಂಟೆಯಲ್ಲಿ ಶ್ರೀಮಂತಿಕೆ!

ಮಂಗಳೂರಿನ ಹಂಪನಕಟ್ಟೆಯನ್ನು ಅರಿಯದ ಕರಾವಳಿಯವರಿಲ್ಲ. ಒಂದು ಕಡೆ ಮಿಲಾಗ್ರಿಸ್ ಚರ್ಚು, ಇನ್ನೊಂದು ಕಡೆ ವೆನ್‌ಲಾಕ್ ಆಸ್ಪತ್ರೆ, ಕೂಗಳತೆಯ ದೂರದಲ್ಲಿ ಸೆಂಟ್ರಲ್ ಮಾರುಕಟ್ಟೆ, ಅದರಾಚೆ ಬಂದರಿನ ಮಂಡಿಗಳು. ಬೆಳಗ್ಗೆ ಬಸ್ಸಿಳಿದು ಸಂಜೆ ಬಸ್ಸೇರುವ ನಡುವೆ ಸಾವಿರಾರು ಜನ ಇಲ್ಲಿ ಬೆವರು ಸುರಿಸಿ ಅನ್ನ ಸಂಪಾದಿಸುತ್ತಾರೆ. ಇಂತಹ ಪೇಟೆಗಳಲ್ಲೇ ಈಗ ಇನ್ನೊಂದು ಬಗೆಯ ವ್ಯಾಪಾರವೂ ನಡೆಯುತ್ತಿದೆ. ಹೋಟೆಲಿನ ಸಭಾಂಗಣದಲ್ಲಿ ‘ಸಂಪತ್ತು ನಿರ್ಮಾಣ ಶಿಬಿರ’. ಪ್ರವೇಶ ಉಚಿತ, ಚಹಾ ತಿಂಡಿಯೂ ಉಚಿತ. ಹಾಲಿಗೆ ಹೋಗಲಾಗದವರಿಗೆ ಮೊಬೈಲಿನಲ್ಲೇ ಅದೇ ಶಿಬಿರ.

ಅಲ್ಲಿ ನಡೆಯುವುದೇನು? ಕೋಟು ತೊಟ್ಟ ಭಾಷಣಕಾರರು ತಮ್ಮ ಬಡತನದ ಕಥೆಯಿಂದ ಆರಂಭಿಸುತ್ತಾರೆ. ಆಮೇಲೆ ಕಾರಿನ, ಬಂಗಲೆಯ, ವಿದೇಶ ಪ್ರವಾಸದ ಚಿತ್ರಗಳು ಪರದೆಯ ಮೇಲೆ ಬರುತ್ತವೆ. ದಿನವಿಡೀ ದುಡಿಯುವವನು ಮೂರ್ಖ, ಹಣವನ್ನೇ ದುಡಿಸುವವನು ಜಾಣ ಎಂಬ ಮಾತು ಬರುತ್ತದೆ. ಕೇಳುಗನ ಮನಸ್ಸು ಹದವಾದ ಹೊತ್ತಿಗೆ ನಿಜವಾದ ಸರಕು ಹೊರಬರುತ್ತದೆ. ‘ಗುಟ್ಟನ್ನು ತಿಳಿಯಬೇಕಾದರೆ ಮುಂದಿನ ತರಗತಿಗೆ ಸೇರಿ. ಇಂದೇ ಹಣ ಕಟ್ಟಿದವರಿಗೆ ಅರ್ಧ ಶುಲ್ಕ. ನಾಳೆಗೆ ಈ ಅವಕಾಶವಿಲ್ಲ.’ ಆ ತರಗತಿ ಮುಗಿದರೆ ಅದಕ್ಕಿಂತ ಮೇಲಿನ ತರಗತಿ, ಅದಕ್ಕಿಂತ ಮೇಲೆ ವಾಟ್ಸ್‌ಆ್ಯಪ್ ಗ್ರೂಪಿನ ಸದಸ್ಯತ್ವ. ಮೆಟ್ಟಿಲುಗಳು ಮುಗಿಯುವುದಿಲ್ಲ. ಮುಗಿಯುವುದು ಹತ್ತಿದವನ ಹಣ ಮಾತ್ರ.

ಇದು ನಮ್ಮ ಊರಿನ ಹೊಸ ಕಂಡುಹಿಡಿತವೇನೂ ಅಲ್ಲ. ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಹೆಸರಿನಲ್ಲಿ ‘ಟ್ರಂಪ್ ಯೂನಿವರ್ಸಿಟಿ’ ಎಂಬ ಸಂಸ್ಥೆ ಇತ್ತು. ಹೆಸರು ವಿಶ್ವವಿದ್ಯಾನಿಲಯ, ಕೆಲಸ ಜಮೀನು ವ್ಯವಹಾರದ ಶಿಬಿರ ನಡೆಸುವುದು. ಮೊದಲ ಸಭೆ ಉಚಿತ, ಮೂರು ದಿನದ ಶಿಬಿರಕ್ಕೆ ಸುಮಾರು 1,500 ಡಾಲರ್, ಅತ್ಯುನ್ನತ ತರಗತಿಗೆ ಸುಮಾರು 35,000 ಡಾಲರ್. ಮೋಸವಾಯಿತೆಂದು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ 25 ಮಿಲಿಯನ್ ಡಾಲರ್, ಅಂದರೆ ಎರಡೂವರೆ ಕೋಟಿ ಡಾಲರ್ ಕೊಟ್ಟು ಆ ಮೊಕದ್ದಮೆಗಳನ್ನು ರಾಜಿಯಲ್ಲಿ ಮುಗಿಸಲಾಯಿತು.

ಕೂಡಿಸಿ ಕಳೆಯುವ ಲೆಕ್ಕ

ಇಲ್ಲಿ ಬೇಕಾಗಿರುವುದು ದೊಡ್ಡ ವಿದ್ವತ್ತಲ್ಲ, ಮದ್ರಸದ ಮಗುವಿಗೂ ಬರುವ ಲೆಕ್ಕ. ಒಂದು ಹಾಲಿನಲ್ಲಿ ನೂರು ಮಂದಿ ತಲಾ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ಎಷ್ಟಾಯಿತು? ಇಪ್ಪತ್ತು ಲಕ್ಷ. ಮಾರುಕಟ್ಟೆ ಏರಲಿ, ಇಳಿಯಲಿ, ಭಾಷಣಕಾರನ ಇಪ್ಪತ್ತು ಲಕ್ಷ ಭದ್ರ. ನಷ್ಟದ ಭಯವಿರುವುದು ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ. ತಿಂಗಳಿಗೆ ಲಕ್ಷಗಟ್ಟಲೆ ತರುವ ಗುಟ್ಟು ನಿಜವಾಗಿಯೂ ಕೈಯಲ್ಲಿದ್ದರೆ, ಊರೂರು ಅಲೆದು ಮೈಕ್ ಹಿಡಿದು ಅದನ್ನು ಇಪ್ಪತ್ತು ಸಾವಿರಕ್ಕೆ ಮಾರುವ ಅಗತ್ಯವೇನಿತ್ತು?

ಇದು ಬರೀ ಊಹೆಯಲ್ಲ. ಶೇರು ಮಾರುಕಟ್ಟೆಯ ಸರಕಾರಿ ನಿಯಂತ್ರಕ ಸಂಸ್ಥೆಯಾದ ಸೆಬಿ, 2023ರ ಅಕ್ಟೋಬರಿನಲ್ಲಿ ‘ಬಾಪ್ ಆಫ್ ಚಾರ್ಟ್’ ಎಂಬ ಹೆಸರಿನಲ್ಲಿ ಶೇರು ಶಿಕ್ಷಣ ಮಾರುತ್ತಿದ್ದವರ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಶಿಕ್ಷಣದ ಸೋಗಿನಲ್ಲಿ, ನೋಂದಣಿಯಿಲ್ಲದೆ, ಯಾವುದನ್ನು ಕೊಳ್ಳಬೇಕು ಯಾವುದನ್ನು ಮಾರಬೇಕೆಂದು ಸಲಹೆ ಕೊಟ್ಟು ಶುಲ್ಕ ಸಂಗ್ರಹಿಸಲಾಗಿದೆಯೆಂದು ಹೇಳಿ, 17 ಕೋಟಿಗೂ ಮಿಕ್ಕಿದ ಹಣವನ್ನು ಠೇವಣಿ ಇಡಲು ಆಜ್ಞಾಪಿಸಿತು. ಅದೇ ಆದೇಶದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿತ್ತು. ಇತರರಿಗೆ ಲಾಭದ ದಾರಿ ಕಲಿಸುತ್ತೇನೆಂದವರು ಸ್ವತಃ ತಮ್ಮ ವಹಿವಾಟಿನಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕಳೆದುಕೊಂಡಿದ್ದರೆಂದು ಸೆಬಿ ಅದರಲ್ಲಿ ದಾಖಲಿಸಿದೆ.

ಈ ಶಿಬಿರಗಳಲ್ಲಿ ಹೆಚ್ಚಾಗಿ ಕಲಿಸುವುದಾದರೂ ಏನನ್ನು? ಒಂದು ಒಳ್ಳೆಯ ಕಂಪೆನಿಯ ಪಾಲುದಾರನಾಗಿ ಹತ್ತು ವರ್ಷ ತಾಳ್ಮೆಯಿಂದ ಇರುವುದನ್ನಲ್ಲ. ಬೆಳಗ್ಗೆ ಕೊಂಡು ಮಧ್ಯಾಹ್ನ ಮಾರುವುದನ್ನು, ಫ್ಯೂಚರ್ಸ್ ಮತ್ತು ಆಪ್ಶನ್ಸ್ ಎಂಬ ಪಂದ್ಯವನ್ನು. ಅದರ ಫಲಿತಾಂಶವೇನು? ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಖರ್ಚುವೆಚ್ಚ ಸೇರಿ ತಲಾ ಸರಾಸರಿ ನಷ್ಟ ಸುಮಾರು ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಮುಳುಗುವವರೇ ನೂರಕ್ಕೆ 93 ಇರುವ ದೋಣಿಗೆ ಟಿಕೇಟು ಕೊಂಡು ಹತ್ತುವುದನ್ನು ಯಾವ ಬುದ್ಧಿವಂತ ಒಪ್ಪಿಯಾನು?

ಧರ್ಮದ ದೃಷ್ಟಿಯಲ್ಲಂತೂ ಈ ವಿಷಯ ಮೊದಲೇ ತೀರ್ಮಾನವಾಗಿದೆ. 1992ರ ಮೇ ತಿಂಗಳಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ವಿದ್ವಾಂಸರು, ಧರ್ಮಸಮ್ಮತ ವ್ಯವಹಾರ ನಡೆಸುವ ಕಂಪೆನಿಗಳ ಶೇರು ಕೊಳ್ಳುವುದು ಮೂಲತಃ ಅನುಮತಿಸಲ್ಪಟ್ಟಿದೆಯೆಂದೂ, ಮಾರುಕಟ್ಟೆಗಳಲ್ಲಿ ನಡೆಯುವ ಆಪ್ಶನ್ ಒಪ್ಪಂದಗಳು ಅನುಮತಿಸಲ್ಪಟ್ಟಿಲ್ಲವೆಂದೂ ನಿರ್ಣಯಿಸಿದರು. ಕೈಯಲ್ಲಿಲ್ಲದ ವಸ್ತುವನ್ನು ಮಾರುವುದನ್ನೂ, ಏನು ಸಿಗುವುದೆಂದು ತಿಳಿಯದ ಅನಿಶ್ಚಿತ ವ್ಯಾಪಾರವನ್ನೂ ಪ್ರವಾದಿವರ್ಯರು(ಸ) ತಡೆದಿರುವರು. ಆದ್ದರಿಂದ ಹಣ ಕಟ್ಟಿ ಇದನ್ನು ಕಲಿಯುವ ಸತ್ಯವಿಶ್ವಾಸಿ ಎರಡು ನಷ್ಟಗಳನ್ನು ಒಟ್ಟಿಗೆ ಕೊಂಡುಕೊಳ್ಳುತ್ತಾನೆ.

ಧರ್ಮದ ಬಣ್ಣ ಬಳಿದಾಗ

ಸಾಮಾನ್ಯ ಮೋಸಗಾರನಿಂದ ಜನರು ಒಂದು ಮಟ್ಟಿಗೆ ಎಚ್ಚರವಾಗಿರುತ್ತಾರೆ. ಆದರೆ ಮಾತಿನ ಮೊದಲು ಬಿಸ್ಮಿಲ್ಲಾಹ್, ಕೊನೆಗೆ ಇನ್ಶಾ ಅಲ್ಲಾಹ್, ಫಲಕದ ಮೇಲೆ ‘ಹಲಾಲ್’ ಎಂಬ ಪದ ಕಂಡೊಡನೆ ನಮ್ಮವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದರ ಕಹಿಫಲವನ್ನು ನಮ್ಮ ರಾಜ್ಯವೇ ಉಂಡಿದೆ.

2006ರಲ್ಲಿ ಬೆಂಗಳೂರಿನಲ್ಲಿ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಎಂಬ ಸಂಸ್ಥೆ ಹುಟ್ಟಿತು. ಹೆಸರಿನಲ್ಲೇ ‘ಹಣಕಾಸು ಸಲಹೆ’ ಇತ್ತು. ಬಡ್ಡಿಯಲ್ಲ, ಹಲಾಲ್ ಲಾಭ ಎಂಬುದು ಅದರ ಘೋಷಣೆ. ಹಣ ಕೊಟ್ಟವರನ್ನು ಕಾಗದದಲ್ಲಿ ‘ಪಾಲುದಾರ’ರೆಂದು ಬರೆಯಲಾಗುತ್ತಿತ್ತು. ಆಭರಣದ ಮಳಿಗೆ, ಔಷಧಿ ಅಂಗಡಿ, ಶಾಲೆ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ತಿಂಗಳು ತಿಂಗಳು ಲಾಭ ಬರುತ್ತಿತ್ತು. 2019ರ ಜೂನಿನಲ್ಲಿ, ಈದುಲ್ ಫಿತ್ರ್ ಮುಗಿದ ಕೆಲವೇ ದಿನಗಳಲ್ಲಿ, ಅದರ ಸ್ಥಾಪಕ ಮುಹಮ್ಮದ್ ಮನ್ಸೂರ್ ಖಾನ್ ದೇಶ ಬಿಟ್ಟ ಸುದ್ದಿ ಬಂತು. ಶಿವಾಜಿನಗರದ ಕಚೇರಿಯ ಮುಂದೆ ಸಾವಿರಾರು ಜನ ನೆರೆದರು. ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು. ಬಳಿಕ ತನಿಖೆ ಸಿಬಿಐಗೆ ಹೋಯಿತು. ಬಂದ ದೂರುಗಳು ಹತ್ತಾರು ಸಾವಿರ, ಸಂಗ್ರಹವಾಗಿದ್ದ ಹಣ ಸಾವಿರಾರು ಕೋಟಿ. ಅದಕ್ಕೆ ಹಿಂದಿನ ವರ್ಷ, 2018ರಲ್ಲಿ, ಬೆಂಗಳೂರಿನ ಆಂಬಿಡೆಂಟ್ ಮತ್ತು ಹೈದರಾಬಾದಿನ ಹೀರಾ ಗೋಲ್ಡ್ ಪ್ರಕರಣಗಳು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದವು. ಒಂದೇ ಬಿಲದಿಂದ ಸತ್ಯವಿಶ್ವಾಸಿ ಎರಡು ಸಲ ಕಚ್ಚಿಸಿಕೊಳ್ಳಲಾರನೆಂಬ ಪ್ರವಾದಿ ವಚನವನ್ನು (ಬುಖಾರಿ, ಮುಸ್ಲಿಮ್) ನಾವು ಖುತ್ಬಾಗಳಲ್ಲಿ ಕೇಳುತ್ತೇವೆ, ಬಿಲದ ಬಳಿ ಬಂದಾಗ ಮರೆಯುತ್ತೇವೆ.

ಇಂತಹ ಯೋಜನೆಗಳ ಮುಂದೆಯೂ ಅದೇ ಮದ್ರಸದ ಲೆಕ್ಕವನ್ನು ಮಾಡಿ ನೋಡಿ. ಒಬ್ಬರು ತಿಂಗಳಿಗೆ ನೂರಕ್ಕೆ ಮೂರರಂತೆ ಲಾಭ ಕೊಡುತ್ತೇನೆಂದರು ಎಂದಿಟ್ಟುಕೊಳ್ಳಿ. ಒಂದು ಲಕ್ಷ ಕೊಟ್ಟವರಿಗೆ ತಿಂಗಳಿಗೆ ಮೂರು ಸಾವಿರ. ಮೂವತ್ತಮೂರು ತಿಂಗಳಲ್ಲಿ ಕೈಗೆ ಬಂದದ್ದು 99 ಸಾವಿರ. ಅಂದರೆ ಮೊದಲ ಎರಡೂಮುಕ್ಕಾಲು ವರ್ಷ ನಿಮ್ಮದೇ ಹಣವನ್ನು ನಿಮಗೇ ಹಿಂತಿರುಗಿಸಿ ‘ಲಾಭ’ವೆಂದು ನಂಬಿಸಲು ಸಾಧ್ಯವಿದೆ. ಆ ನಡುವೆ ನೀವು ಭಾವನನ್ನೂ, ಚಿಕ್ಕಮ್ಮನನ್ನೂ, ನೆರೆಮನೆಯವರನ್ನೂ ಕರೆತಂದಿರುತ್ತೀರಿ. ಇನ್ನು ಆ ಲಾಭವನ್ನು ತೆಗೆಯದೆ ಅಲ್ಲೇ ಬಿಟ್ಟರೆ, ಒಂದು ಲಕ್ಷ ಹತ್ತು ವರ್ಷದಲ್ಲಿ 34 ಲಕ್ಷ ದಾಟಬೇಕು, ಇಪ್ಪತ್ತು ವರ್ಷದಲ್ಲಿ 12 ಕೋಟಿಯಾಗಬೇಕು! ಬಂದರಿನಲ್ಲಿ ತಲೆತಲಾಂತರದಿಂದ ಅಡಿಕೆ, ಒಣಮೀನು, ಮರಮಟ್ಟು ವ್ಯಾಪಾರ ಮಾಡಿದ ಯಾವ ಹಿರಿಯರಾದರೂ ಇಂತಹ ಲಾಭವನ್ನು ವರ್ಷ ವರ್ಷ ತಪ್ಪದೆ ಕಂಡದ್ದುಂಟೇ? ಅವರನ್ನೇ ಕೇಳಿ ನೋಡಿ. ಒಂದು ವರ್ಷ ಗಳಿಸಿದ್ದನ್ನು ಮರುವರ್ಷ ಮಳೆಗಾಲ ನುಂಗಿದ ಕಥೆಯನ್ನೂ ಅವರು ಹೇಳುತ್ತಾರೆ. ಏರಿಳಿತವಿಲ್ಲದ ಲಾಭ ವ್ಯಾಪಾರದಲ್ಲಿಲ್ಲ. ಬಂಡವಾಳಕ್ಕೂ ಭರವಸೆ, ಲಾಭಕ್ಕೂ ಭರವಸೆ ಎಂದಾದರೆ ಅದಕ್ಕೆ ಎಂತಹ ಅರಬೀ ಹೆಸರಿಟ್ಟರೂ ಒಳಗಿರುವುದು ಬಡ್ಡಿ, ಇಲ್ಲವೇ ಮೋಸ.

ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಸಣ್ಣದಿರಲಿ ದೊಡ್ಡದಿರಲಿ ಬೇಸರಪಡಬಾರದೆಂದು ಕಲಿಸುವ ಸೂಕ್ತವು (2:282) ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೆಂಬುದು ಚಿಂತಿಸಬೇಕಾದ ವಿಷಯ. ಸುದ್ದಿ ತಂದವನ ಮಾತನ್ನು ವಿಚಾರಿಸಿ ನೋಡಬೇಕೆಂದು (49:6), ಅರಿವಿಲ್ಲದುದರ ಬೆನ್ನು ಹತ್ತಬಾರದೆಂದು (17:36) ಅದು ತಾಕೀತು ಮಾಡುತ್ತದೆ. ವಿಚಾರಿಸುವುದು ಸಂಶಯರೋಗವಲ್ಲ, ಅಪನಂಬಿಕೆಯ ಪಾಪವೂ ಅಲ್ಲ. ಕಾಗದ ಕೇಳಿದಾಗ ‘ನಿಮಗೆ ಅಲ್ಲಾಹನ ಮೇಲೆ ಭರವಸೆಯಿಲ್ಲವೇ?’ ಎಂದು ಕೆಣಕುವವನಿಗೆ ಒಂದೇ ಉತ್ತರ ಸಾಕು: ಅಲ್ಲಾಹನ ಮೇಲೆ ಭರವಸೆಯಿದೆ, ಅದಕ್ಕಾಗಿಯೇ ಆತನು ಬರೆದಿಡಲು ಹೇಳಿದ್ದನ್ನು ಕೇಳುತ್ತಿದ್ದೇನೆ.

ಪ್ರವಾದಿವರ್ಯರು(ಸ) ನಡೆಸಿದ ‘ಶಿಬಿರ’

ಅನ್ಸಾರಿಗಳಲ್ಲೊಬ್ಬರು ಪ್ರವಾದಿವರ್ಯರ(ಸ) ಬಳಿ ಬೇಡಲು ಬಂದ ಘಟನೆ ಅಬೂದಾವೂದ್ ಗ್ರಂಥದಲ್ಲಿದೆ. ಮನೆಯಲ್ಲಿ ಏನಿದೆಯೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಹೊದ್ದು ಹಾಸಿಕೊಳ್ಳುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು. ಅವನ್ನೇ ತರಿಸಿ, ಜನರ ಮುಂದೆ ಹರಾಜು ಕೂಗಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮಿನಿಂದ ಮನೆಯವರಿಗೆ ಆಹಾರ ಕೊಳ್ಳಲು, ಇನ್ನೊಂದರಿಂದ ಕೊಡಲಿ ತರಲು ಹೇಳಿದರು. ಆ ಕೊಡಲಿಗೆ ತಮ್ಮ ಪವಿತ್ರ ಹಸ್ತಗಳಿಂದಲೇ ಹಿಡಿ ಹಾಕಿ, ಕಟ್ಟಿಗೆ ಕಡಿದು ಮಾರಬೇಕೆಂದೂ ಹದಿನೈದು ದಿನ ತನ್ನನ್ನು ಕಾಣಬಾರದೆಂದೂ ಆಜ್ಞಾಪಿಸಿದರು. ಹದಿನೈದು ದಿನ ಕಳೆದು ಬಂದಾಗ ಆ ಮನುಷ್ಯನ ಬಳಿ ಹತ್ತು ದಿರ್ಹಮ್ ಇತ್ತು.

ಹೂಡಿಕೆಯ ಇಡೀ ಪಾಠ ಈ ಘಟನೆಯಲ್ಲಿದೆ. ಮೊದಲು ಲೆಕ್ಕ: ಮನೆಯಲ್ಲಿ ಏನಿದೆ? ಎರಡನೆಯದು ಕ್ರಮ: ಮೊದಲು ಮನೆಯವರ ಹಸಿವು, ಆಮೇಲೆ ಬಂಡವಾಳ. ಎರಡು ದಿರ್ಹಮನ್ನೂ ಒಂದೇ ಕಡೆ ಸುರಿಯಲು ಹೇಳಲಿಲ್ಲ. ಮೂರನೆಯದು, ಬಂಡವಾಳ ಹೋದದ್ದು ಕಣ್ಣಿಗೆ ಕಾಣುವ, ತನಗೆ ಗೊತ್ತಿರುವ ದುಡಿಮೆಗೆ. ನಾಲ್ಕನೆಯದು ಸ್ವಾವಲಂಬನೆ: ದಾರಿ ತೋರಿಸಿದ ಗುರು ದಿನದಿನವೂ ಬಂದು ಕೇಳೆನ್ನಲಿಲ್ಲ, ಹದಿನೈದು ದಿನ ಬರಬೇಡವೆಂದರು. ಹಣ ಕೊಟ್ಟು ಸೇರುವ ಶಿಬಿರದ ಗುರು ಶಿಷ್ಯನನ್ನು ಎಂದೆಂದಿಗೂ ತನಗೇ ಅಂಟಿಸಿಕೊಳ್ಳುತ್ತಾನೆ. ನಿಜವಾದ ಗುರು ಶಿಷ್ಯನನ್ನು ತನ್ನ ಕಾಲ ಮೇಲೆ ನಿಲ್ಲಿಸಿ ಕಳಿಸುತ್ತಾನೆ. ವ್ಯತ್ಯಾಸ ಇಷ್ಟೆ.

‘ಹಾಗಾದರೆ ವಿದ್ಯೆಗೆ ಶುಲ್ಕ ಕೊಡುವುದೇ ತಪ್ಪೇ?’ ಎಂದು ನೀವು ಕೇಳಬಹುದು. ಖಂಡಿತ ತಪ್ಪಲ್ಲ. ಲೆಕ್ಕಶಾಸ್ತ್ರ ಕಲಿಸುವ ಅಧ್ಯಾಪಕನಿಗೆ, ಹೊಲಿಗೆ ಕಲಿಸುವ ಸಹೋದರಿಗೆ, ಮದ್ರಸದ ಉಸ್ತಾದರಿಗೆ ಕೊಡುವುದು ನ್ಯಾಯವಾದ ಪ್ರತಿಫಲ. ಆದರೆ ಲೆಕ್ಕ ಕಲಿಸುವವನು ಲೆಕ್ಕವನ್ನು ಮಾರುತ್ತಾನೆ, ಕನಸನ್ನು ಮಾರುವುದಿಲ್ಲ. ಕಲಿತರೆ ಎಷ್ಟು ಕೋಟಿ ಬರುವುದೆಂದು ಅವನು ಹೇಳುವುದಿಲ್ಲ. ಯಾವ ಕಲಿಕೆಯ ಜಾಹೀರಾತಿನಲ್ಲಿ ವಿಷಯಕ್ಕಿಂತ ಮೊದಲು ಲಾಭದ ಅಂಕೆ ಕಾಣುತ್ತದೋ ಅಲ್ಲಿ ಹೆಜ್ಜೆ ಹಿಂದಿಡಿ. 2025ರ ಜನವರಿಯಲ್ಲಿ ಸೆಬಿ ಹೊರಡಿಸಿದ ಸುತ್ತೋಲೆಯು, ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಶೇರು ಬೆಲೆಗಳನ್ನು ಬಳಸಿ ಮಾತಾಡಬಾರದೆಂದು ವಿಧಿಸಿತು. ಕಾರಣ ಸ್ಪಷ್ಟ: ವಿದ್ಯೆಗೆ ನಿನ್ನೆಯ ಬೆಲೆ ಬೇಕಿಲ್ಲ. ನಿನ್ನೆಯ ಬೆಲೆ ಬೇಕಾಗುವುದು ಇಂದೇ ಕೊಳ್ಳೆಂದು ಹೇಳುವವನಿಗೆ.

ತಾನೇ ಕಲಿಯುವ ದಾರಿ

ಮದೀನಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರರೊಬ್ಬರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಆ ಸಹೋದರನಿಗೆ ಬರಕತ್ ಕೋರಿ, ಪೇಟೆ ಎಲ್ಲಿದೆಯೆಂದು ತೋರಿಸಿಕೊಟ್ಟರೆ ಸಾಕೆಂದರು (ಬುಖಾರಿ). ಸ್ವಲ್ಪ ಗಿಣ್ಣು, ಸ್ವಲ್ಪ ತುಪ್ಪದಿಂದ ಅವರ ವ್ಯಾಪಾರ ಮೊದಲಾಯಿತು. ಧರ್ಮದ ತಿಳುವಳಿಕೆಯಿಲ್ಲದವರು ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಬಾರದೆಂದು ಹಝ್ರತ್ ಉಮರ್(ರ) ಹೇಳಿದ್ದರು (ತಿರ್ಮಿದಿ). ಅನಾಥರ ಹಣವನ್ನು ಸುಮ್ಮನೆ ಇಟ್ಟರೆ ಝಕಾತ್ ಅದನ್ನು ತಿಂದು ಮುಗಿಸೀತೆಂದು, ಅದನ್ನು ವ್ಯಾಪಾರದಲ್ಲಿ ತೊಡಗಿಸಲು ಸೂಚಿಸಿದವರೂ ಅವರೇ (ಮುವತ್ತಾ). ಅಂದರೆ ಕಲಿಯದೆ ಪೇಟೆಗೆ ಇಳಿಯುವುದೂ ಸರಿಯಲ್ಲ, ಹೆದರಿ ಹಣವನ್ನು ಪೆಟ್ಟಿಗೆಯಲ್ಲಿ ಹೂತಿಡುವುದೂ ಸರಿಯಲ್ಲ.

ಹಾಗಾದರೆ ಸಾಮಾನ್ಯ ಕುಟುಂಬವೊಂದು ಏನು ಮಾಡಬೇಕು?

ಮೊದಲು ಮನೆಯ ಲೆಕ್ಕ ಬರೆಯಿರಿ. ಒಂದು ಪುಸ್ತಕ, ಒಂದು ಪೆನ್ನು ಸಾಕು. ಬಂದದ್ದೆಷ್ಟು, ಹೋದದ್ದೆಷ್ಟು, ಕೊಡಬೇಕಾದ ಸಾಲವೆಷ್ಟು. ಸಾಲ ಉಳಿಸಿಕೊಂಡು ತೀರಿಹೋದವರ ಜನಾಝ ನಮಾಝ್ ನಿರ್ವಹಿಸಲು ಪ್ರವಾದಿವರ್ಯರು(ಸ) ಹಿಂಜರಿದ ಘಟನೆಗಳಿವೆ. ಆದ್ದರಿಂದ ಸಾಲ ತೀರಿಸುವುದೇ ಮೊದಲ ಹೂಡಿಕೆ. ಅವರು(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರವನ್ನು ತೆಗೆದಿರಿಸಿದ್ದೂ ಹದೀಸ್‌ಗಳಲ್ಲಿದೆ. ಕಾಯಿಲೆ ಕಸಾಲೆಗೆ, ಕೆಲಸ ಹೋದ ದಿನಗಳಿಗೆ ಕೆಲವು ತಿಂಗಳ ಖರ್ಚನ್ನು ಬೇರೆಯಾಗಿಟ್ಟ ಮೇಲೆ ಉಳಿದದ್ದು ಮಾತ್ರ ಹೂಡಿಕೆಯ ಹಣ.

ಎರಡನೆಯದಾಗಿ, ಓದಿ. ಸೆಬಿಯ ಹಣಕಾಸು ಶಿಕ್ಷಣದ ಕೈಪಿಡಿ ಉಚಿತ. ‘ಸಾರಥಿ’ ಎಂಬ ಅದರ ಮೊಬೈಲ್ ಆ್ಯಪ್ 2022ರಲ್ಲಿ ಬಂದಿದೆ, ಅದೂ ಉಚಿತ. ಹೂಡಿಕೆದಾರರಿಗಾಗಿ ಸೆಬಿ ಮತ್ತು ಎನ್‌ಐಎಸ್‌ಎಂ ನಡೆಸುವ ಪ್ರಮಾಣಪತ್ರ ಪರೀಕ್ಷೆಗೂ ಶುಲ್ಕವಿಲ್ಲ. ಪೇಟೆಯಲ್ಲಿ ಪಟ್ಟಿಯಾದ ಪ್ರತಿಯೊಂದು ಕಂಪೆನಿಯೂ ತನ್ನ ವಾರ್ಷಿಕ ವರದಿಯನ್ನು ಬಹಿರಂಗಪಡಿಸಲೇಬೇಕು. ಅದು ಏನನ್ನು ಮಾರುತ್ತದೆ, ಲಾಭ ಎಲ್ಲಿಂದ, ಸಾಲ ಎಷ್ಟು, ಬಡ್ಡಿಯಿಂದ ಬಂದ ಆದಾಯವೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಕಾಲೇಜಿಗೆ ಹೋಗುವ ಮಗ ಅಥವಾ ಮಗಳನ್ನು ಹತ್ತಿರ ಕೂರಿಸಿ ಒಂದು ವರದಿಯನ್ನು ನಿಧಾನವಾಗಿ ಓದಿಸಿ. ಮೊದಲನೆಯದು ಕಷ್ಟವೆನಿಸೀತು, ಐದನೆಯದರ ಹೊತ್ತಿಗೆ ಕಣ್ಣು ಪಳಗುತ್ತದೆ. ಸಭಾಂಗಣದಲ್ಲಿ ಸಾವಿರಗಟ್ಟಲೆಗೆ ಮಾರುವ ‘ಗುಟ್ಟು’ ಇಷ್ಟೇ. ಅದು ಗುಟ್ಟೇ ಅಲ್ಲ.

ಮೂರನೆಯದು ಹಲಾಲಿನ ಪರಿಶೀಲನೆ. ಮದ್ಯ, ಜೂಜು, ಬಡ್ಡಿಯ ವ್ಯವಹಾರವೇ ಕಸುಬಾದ ಕಂಪೆನಿಗಳನ್ನು ಮೊದಲೇ ಬಿಡಬೇಕು. ಕಸುಬು ಹಲಾಲ್ ಆಗಿದ್ದರೂ ಹೆಚ್ಚಿನ ಕಂಪೆನಿಗಳು ಸ್ವಲ್ಪವಾದರೂ ಬಡ್ಡಿಯ ಸಾಲದಲ್ಲಿ ತೊಡಗಿರುವುದರಿಂದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬಹ್ರೈನಿನ ಆಯೋಫಿ ಸಂಸ್ಥೆಯ ಮಾನದಂಡದಂತೆ ಬಡ್ಡಿಯ ಸಾಲವು ಕಂಪೆನಿಯ ಮಾರುಕಟ್ಟೆ ಮೌಲ್ಯದ ಶೇ. 30ರೊಳಗೆ, ನಿಷಿದ್ಧ ಆದಾಯವು ಒಟ್ಟು ಆದಾಯದ ಶೇ. 5ರೊಳಗೆ ಇರಬೇಕು. ಆ ನಿಷಿದ್ಧ ಅಂಶದಷ್ಟನ್ನು ಲಾಭದಿಂದ ತೆಗೆದು, ಪುಣ್ಯದ ಅಪೇಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಶುದ್ಧೀಕರಿಸಬೇಕು. ನಮ್ಮ ದೇಶದಲ್ಲೂ ಇಂತಹ ಸೋಸುವಿಕೆಯ ಆಧಾರದ ಸೂಚ್ಯಂಕಗಳಿವೆ. ಮುಂಬಯಿ ಶೇರುಪೇಟೆಯ ಶರೀಅಃ ಸೂಚ್ಯಂಕ 2010ರಲ್ಲೇ ಬಂದಿದೆ. ಆ ಬಗೆಯ ಕಂಪೆನಿಗಳಲ್ಲಿ ಮಾತ್ರ ಹಣ ತೊಡಗಿಸುವ ಮ್ಯೂಚುವಲ್ ಫಂಡ್‌ಗಳೂ ಇವೆ. ಇವುಗಳಲ್ಲೂ ಬೆಲೆ ಏರುತ್ತದೆ, ಇಳಿಯುತ್ತದೆ. ನಿಮಗೆ ನಂಬಿಕೆಯಿರುವ ಆಲಿಮರಲ್ಲಿ ಕೇಳಿ, ಮನಸ್ಸು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಶೇರೇ ಬೇಡವೆನ್ನುವವರಿಗೆ ಅಂಗಡಿಯಿದೆ, ತೋಟವಿದೆ, ಪ್ರಾಮಾಣಿಕ ಬಂಧುವಿನೊಡನೆ ಬರೆದು ಮಾಡಿದ ಮುಳಾರಬದ ಪಾಲುದಾರಿಕೆಯಿದೆ. ಹಝ್ರತ್ ಖದೀಜಾ(ರ)ರ ಬಂಡವಾಳದೊಂದಿಗೆ ಪ್ರವಾದಿವರ್ಯರು(ಸ) ವ್ಯಾಪಾರಕ್ಕೆ ಹೋದದ್ದು ಹಾಗೆಯೇ.

ನಾಲ್ಕನೆಯದಾಗಿ, ಯಾರಾದರೂ ಸಲಹೆ ಕೊಡಲು ಬಂದರೆ ಅವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದು ನಿಜವೇ ಎಂದು ಸೆಬಿಯ ವೆಬ್‌ಸೈಟಿನಲ್ಲಿ ನೋಡಿ. ಠೇವಣಿ ಕೇಳಿದರೆ, ಠೇವಣಿ ಸ್ವೀಕರಿಸಲು ಇವರಿಗೆ ಯಾರು ಅನುಮತಿ ಕೊಟ್ಟರೆಂದು ವಿಚಾರಿಸಿ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಇದನ್ನು ವಿಚಾರಿಸಲೂ ದೂರು ಕೊಡಲೂ ಅವಕಾಶವಿದೆ. 2019ರಿಂದ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾನೂನೇ ಇದೆ. ಇಷ್ಟು ವಿಚಾರಿಸಲು ಒಂದು ಮಧ್ಯಾಹ್ನ ಸಾಕು. ಕಳಕೊಂಡ ಹಣದ ಹಿಂದೆ ಅಲೆಯಲು ಹತ್ತು ವರ್ಷವೂ ಸಾಲದು.

ಕೊನೆಯದಾಗಿ ಝಕಾತ್. ಹೂಡಿದ ಹಣವೂ ಝಕಾತ್‌ಗೆ ಒಳಪಡುವ ಸಂಪತ್ತು. ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಶೇ. ಎರಡೂವರೆಯನ್ನು ಹಕ್ಕುದಾರರಿಗೆ ತಲುಪಿಸದವನು ಎಷ್ಟು ಗಳಿಸಿದರೂ ಹೂಡಿಕೆ ಕಲಿತವನಲ್ಲ.

ಮೂವತ್ತೆಂಟು ರೂಪಾಯಿಯ ಪಾಠ

ನಮ್ಮ ಕರಾವಳಿಗೆ ಹಣದ ಶಿಸ್ತನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಐದು ಸಾವಿರ ರೂಪಾಯಿ ಬಂಡವಾಳದೊಂದಿಗೆ ತೆರೆಯಿತು. ಮೊದಲ ದಿನದ ಕೊನೆಗೆ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಂದಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡು ಆಣೆಯಂತೆ ಮನೆಬಾಗಿಲಿಗೆ ಬಂದು ಪಿಗ್ಮಿ ಸಂಗ್ರಹಿಸತೊಡಗಿತು. ಬ್ಯಾಂಕಿನ ಬಡ್ಡಿಯನ್ನು ನಾವು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಆ ಹಿರಿಯರ ತಾಳ್ಮೆಯನ್ನೂ ಬಿಡಿಕಾಸಿನ ಲೆಕ್ಕವನ್ನೂ ಮೆಚ್ಚದಿರಲಾಗದು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಆ ಮೂವತ್ತೆಂಟು ರೂಪಾಯಿಯ ಸಂಸ್ಥೆ 114 ವರ್ಷ ಬಾಳಿತು. ತಿಂಗಳಲ್ಲಿ ದುಪ್ಪಟ್ಟು ಮಾಡುತ್ತೇನೆಂದವರ ಫಲಕಗಳು ಎಷ್ಟು ವರ್ಷ ಬಾಳಿದವು?

ಸಹೋದರಿಯರೇ, ನಿಮ್ಮೊಡನೆ ಒಂದು ಮಾತು. ಗಲ್ಫಿನಲ್ಲಿ ದುಡಿಯುವ ಗಂಡ ಕಳಿಸಿದ ಹಣ, ನಿಮ್ಮ ಮಹ್ರ್, ತಾಯಿ ಕೊಟ್ಟ ಬಳೆ, ಇವುಗಳ ಮೇಲೆಯೇ ಇಂತಹವರ ಕಣ್ಣು ಮೊದಲು ಬೀಳುತ್ತದೆ. ಮಹ್ರ್ ಸಂಪೂರ್ಣವಾಗಿ ನಿಮ್ಮದು, ನೀವು ಸಂತೋಷದಿಂದ ಕೊಟ್ಟರೆ ಮಾತ್ರ ಇತರರಿಗೆ ಹಕ್ಕು (4:4). ಬಳೆ ಅಡವಿಟ್ಟು ಶಿಬಿರಕ್ಕೆ ಸೇರಲು ಮಗನೋ ಗಂಡನೋ ಕೇಳಿದರೆ, ಕೋಪವಿಲ್ಲದೆ ‘ಕಾಗದ ತೋರಿಸಿ, ಒಟ್ಟಿಗೆ ಓದೋಣ’ ಎನ್ನಿ. ಆ ಒಂದು ಮಾತು ಒಂದು ಮನೆಯನ್ನು ಉಳಿಸೀತು. ಜಮಾಅತಿನ ಹಿರಿಯರೇ, ಯಾವುದೇ ಯೋಜನೆಯವರಿಗೆ ಮಸೀದಿಯ ಅಂಗಳವನ್ನೂ ನಿಮ್ಮ ಹೆಸರನ್ನೂ ಕೊಡುವ ಮುನ್ನ ನೂರು ಸಲ ಯೋಚಿಸಿ. ಜನರು ಯೋಜನೆಯನ್ನು ನಂಬುವುದಿಲ್ಲ, ನಿಮ್ಮನ್ನು ನಂಬುತ್ತಾರೆ.

ಯುವಕರೇ, ಅನ್ನಾಧಾರ ಅಲ್ಲಾಹನ ಕೈಯಲ್ಲಿದೆ. ಪಾಲಿಗೆ ಬಂದದ್ದನ್ನು ಪೂರ್ಣವಾಗಿ ಪಡೆಯದೆ ಯಾರೂ ಸಾಯುವುದಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಓದುವುದು, ಲೆಕ್ಕ ಹಾಕುವುದು, ವಿಚಾರಿಸುವುದು, ಬರೆದಿಡುವುದು, ಇದುವೇ ಹಗ್ಗ. ಆ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಮೇಲಿಂದ ಶುಲ್ಕವನ್ನೂ ತೆತ್ತು, ಒಂಟೆ ಕಾಣೆಯಾಯಿತೆಂದು ಅಳುವ ದಿನ ಯಾರಿಗೂ ಬಾರದಿರಲಿ.

ಅಲ್ಲಾಹನು ನಮಗೆ ಹಲಾಲಾದ ಸಂಪಾದನೆಯನ್ನೂ, ಅದನ್ನು ಕಾಯುವ ವಿವೇಕವನ್ನೂ, ಇದ್ದುದರಲ್ಲಿ ತೃಪ್ತಿಯನ್ನೂ ದಯಪಾಲಿಸಲಿ. ಮೋಸ ಮಾಡುವವರಿಂದಲೂ, ನಮ್ಮದೇ ಮನಸ್ಸಿನ ದುರಾಸೆಯಿಂದಲೂ ನಮ್ಮ ಮನೆಗಳನ್ನು ರಕ್ಷಿಸಲಿ. ಆಮೀನ್.